ಔರಾದ್‌ನಿಂದ ಹಾಸ್ಟೆಲ್‌ವರೆಗೆ ಒಂದು ಬ್ಯಾಗು

ಔರಾದ್ ನಿಲ್ದಾಣದೊಳಗೆ ಬೀದರ್ ಬಸ್ಸು ಇನ್ನೂ ಪೂರ್ತಿ ನಿಂತಿಲ್ಲ, ಆಗಲೇ ಕಿಟಕಿಗಳಿಂದ ಟವೆಲು, ಕರ್ಚೀಫು ಒಳಗೆ ಹೋಗಿ ಸೀಟು ಹಿಡಿದಾಗಿದೆ. ರಾತ್ರಿಯೆಲ್ಲ ಮಳೆ. ನಿಮ್ಮ ಚಪ್ಪಲಿಗೆ ಎರೆಮಣ್ಣು ಮೆತ್ತಿಕೊಂಡು ಹೆಜ್ಜೆ ಹೆಜ್ಜೆಗೂ ಕಾಲು ಭಾರವಾಗುತ್ತಿದೆ. ನಿಮ್ಮ ಮುಂದೆ ಒಬ್ಬ ಹುಡುಗ ಹೊಸ ಟ್ರಾಲಿ ಎಳೆಯುತ್ತಿದ್ದಾನೆ. ಗಟ್ಟಿ ಮೈ, ಕೆಳಗೆ ನಾಲ್ಕು ಪುಟ್ಟ ಚಕ್ರ, ಹಿಡಿಕೆಗೆ ಸುತ್ತಿದ ಪ್ಲಾಸ್ಟಿಕ್ ಇನ್ನೂ ಬಿಚ್ಚಿಲ್ಲ. ರಸ್ತೆಯಿಂದ ಬಸ್ಸಿನವರೆಗೆ ಬರುವಷ್ಟರಲ್ಲಿ ಚಕ್ರ ತಿರುಗುವುದೇ ನಿಂತಿತು. ಬಗ್ಗಿ ನೋಡಿದರೆ ಚಕ್ರಕ್ಕೂ ಅದನ್ನು ಹಿಡಿದ ಕವೆಗೂ ನಡುವೆ ಕಪ್ಪು ಮಣ್ಣು ಬಿಗಿದು ಕೂತಿದೆ. ಅವನು ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಬಸ್ಸು ಹತ್ತುತ್ತಾನೆ.

ಔರಾದ್ ಪಟ್ಟಣಕ್ಕೆ ರೈಲಿಲ್ಲ. ಬೆಂಗಳೂರಾಗಲಿ, ಹೈದರಾಬಾದಾಗಲಿ, ದುಬೈಯಾಗಲಿ, ಇಲ್ಲಿಂದ ಹೊರಡುವ ಹೆಚ್ಚಿನ ಸಾಮಾನು ಮೊದಲು ಹತ್ತುವುದು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸನ್ನೇ. ಹುಡುಗನ ಟ್ರಾಲಿಗೆ ಮೇಲಿನ ರ್‍ಯಾಕ್‌ನಲ್ಲಿ ಜಾಗ ಸಾಲದು, ಸೀಟಿನ ಕೆಳಗೂ ಹೋಗದು. ನಡುದಾರಿಯಲ್ಲಿ ನಿಲ್ಲಿಸಿದರೆ ಡ್ರೈವರು ಬ್ರೇಕು ಒತ್ತಿದಾಗೊಮ್ಮೆ ಮುಂದಕ್ಕೆ ಉರುಳುತ್ತದೆ. ಸಂತಪುರ ಬರುವ ಹೊತ್ತಿಗೆ ಅದನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದಾನೆ.

ನಿಮ್ಮ ಪಕ್ಕದಲ್ಲಿ ತಂದೆ, ಮಗಳು. ಮಗಳಿಗೆ ಬೆಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ಕಾಲ ಬಳಿ ಹಾಸಿಗೆ ತುಂಬಿದ ಗೊಬ್ಬರದ ಚೀಲ, ಮಡಿಲಲ್ಲಿ ಚೈನು ಕಿತ್ತುಹೋಗಿ ಹಗ್ಗ ಬಿಗಿದ ಹಳೆಯ ಏರ್‌ಬ್ಯಾಗು.

“ಎಲ್ಲಿಗಿ ಹೊಂಟೀರಿ ಕಾಕಾ?” ಕಂಡಕ್ಟರ್ ಕೇಳುತ್ತಾರೆ.

“ಮೊದಲ ಬೀದರಕ್ಕ. ಇಕಿಗೊಂದು ಬ್ಯಾಗ ತೊಗೋಬೇಕ್ರಿ. ಅಲ್ಲಿಂದ ಭಾಲ್ಕಿಗಿ, ನಮ್ಮ ತಂಗಿ ಮನಿಗಿ. ಸಂಜಿಗಿ ರೈಲು.”

ಮಗಳ ಕಣ್ಣು ಆ ಹೊಳೆಯುವ ಟ್ರಾಲಿಯ ಮೇಲೆ. ಅಪ್ಪನ ಮನಸ್ಸಿನಲ್ಲಿರುವುದು ಬಟ್ಟೆಯ ಬ್ಯಾಗು. ಕೌಠಾ ಬಳಿ ಮಾಂಜ್ರಾ ನದಿ ದಾಟುವಾಗ ಇಬ್ಬರೂ ಕಿಟಕಿಯಾಚೆ ಕೆಂಪು ನೀರು ನೋಡುತ್ತಾರೆ. ಮಾತು ಮಾತ್ರ ಬ್ಯಾಗಿನದೇ.

ಬೀದರ್‌ನಲ್ಲಿ ಆಟೊ ಇಳಿದು ಚೌಬಾರಾದ ಗೋಪುರ ಬಳಸಿ ಮಹಮೂದ್ ಗವಾನ್ ಮದರಸಾದ ಕಡೆ ನಡೆಯಿರಿ. ಇರಾನಿನ ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ವಜೀರನಾದವನು ಗವಾನ್. ಅವನು 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಈ ವಿದ್ಯಾಲಯದಲ್ಲಿ ಓದುವವರಿಗೆ ಉಳಿಯಲು ಕೋಣೆಗಳೂ ಇದ್ದವು. ಓದಲೆಂದು ದೂರದೂರಿನಿಂದ ಗಂಟುಮೂಟೆ ಕಟ್ಟಿಕೊಂಡು ಬರುವುದು ಈ ಬೀದಿಗೆ ಐದು ಶತಮಾನಗಳಿಂದ ಗೊತ್ತಿರುವ ಸಂಗತಿ. ಇಂದು ಇದೇ ಬೀದಿಯಿಂದ ಒಬ್ಬ ಹುಡುಗಿ ಓದಲು ದೂರ ಹೊರಟಿದ್ದಾಳೆ.

ಅಂಗಡಿಯ ಮುಂದೆ ಬ್ಯಾಗುಗಳನ್ನು ಸಾಲಾಗಿ ತೂಗುಹಾಕಿದ್ದಾರೆ. “ಬರ್ರಿ ಚಾಚಾ. ಬಾ ಬೇಟಾ, ಯಾವ್ದು ಬೇಕು?” ಅಂಗಡಿಯವರು ಮೂರು ಪೆಟ್ಟಿಗೆ ಇಳಿಸಿ ಟೈಲ್ಸಿನ ಮೇಲೆ ಒಂದೊಂದಾಗಿ ತಳ್ಳುತ್ತಾರೆ. ಮೂರೂ ಸದ್ದಿಲ್ಲದೆ ಉರುಳುತ್ತವೆ. ಮಗಳ ಮುಖ ಅರಳುತ್ತದೆ.

ಇಲ್ಲಿ ಅವಸರ ಬೇಡ. ಮೊದಲ ಗಟ್ಟಿ ಪೆಟ್ಟಿಗೆಯ ನಡುವೆ ಹೆಬ್ಬೆರಳಿನಿಂದ ಒತ್ತಿ. ಒಳಕ್ಕೆ ಬಾಗಿ, ಕೈ ತೆಗೆದೊಡನೆ ಪುಟಿದು ಸರಿಹೋಗುತ್ತದೆ. ಇದು ಪಾಲಿಕಾರ್ಬೊನೇಟ್. ಎರಡನೆಯದು ಎಷ್ಟು ಒತ್ತಿದರೂ ಬಗ್ಗದು. ಇದು ಎಬಿಎಸ್ ಎಂಬ ಪ್ಲಾಸ್ಟಿಕ್. ಮೇಲುನೋಟಕ್ಕೆ ಇದೇ ಹೆಚ್ಚು ಗಟ್ಟಿ ಎನಿಸುತ್ತದೆ, ಆದರೆ ಬಗ್ಗದ ಗುಣವೇ ಇದರ ದೌರ್ಬಲ್ಯ. ಮೂಲೆಗೆ ಜೋರು ಏಟು ಬಿದ್ದರೆ ಅದನ್ನು ಹೀರಿಕೊಳ್ಳಲಾರದೆ ಸೀಳುತ್ತದೆ. ಮೂರನೆಯದು ದಪ್ಪ ಪಾಲಿಯೆಸ್ಟರ್ ಬಟ್ಟೆಯದು, ಹಿಂದೆ ಮೈಯೊಳಗೆ ಅರ್ಧ ಹುದುಗಿದ ಎರಡು ದೊಡ್ಡ ಚಕ್ರ. ಬಟ್ಟೆಯ ಚೀಟಿಯಲ್ಲಿ ಡೆನಿಯರ್ ಎಂದು ಬರೆದಿರುತ್ತದೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ. ಆದರೆ ಒಂದೇ ಡೆನಿಯರಿನ ಪಾಲಿಯೆಸ್ಟರಿಗಿಂತ ನೈಲಾನ್ ಉಜ್ಜಾಟವನ್ನು ಹೆಚ್ಚು ತಡೆಯುತ್ತದೆ. ಹಾಗಾಗಿ ಅಂಕಿಯ ಜೊತೆಗೆ ಬಟ್ಟೆ ಯಾವುದೆಂದೂ ಕೇಳಬೇಕು.

“ಗಟ್ಟಿದಾದ್ರ ಕಳ್ಳರ ಭಯ ಇರಲ್ಲಲ್ಲ ಭಾಯ್?” ಅಪ್ಪ ಕೇಳುತ್ತಾರೆ.

ಅಂಗಡಿಯವರು ಮಾತಾಡದೆ ಜೇಬಿನಿಂದ ಬಾಲ್‌ಪೆನ್ನು ತೆಗೆಯುತ್ತಾರೆ. ಗಟ್ಟಿ ಪೆಟ್ಟಿಗೆಯ ಎರಡು ಭಾಗಗಳನ್ನು ಹಿಡಿದಿರುವುದೂ ಚೈನೇ. ನಂಬರ್ ಲಾಕು ಹಾಕಿ, ಪೆನ್ನಿನ ಮೊನೆಯನ್ನು ಚೈನಿನ ಹಲ್ಲುಗಳ ನಡುವೆ ಚುಚ್ಚಿ ಜಾರಿಸುತ್ತಾರೆ. ಹಲ್ಲು ಬಿಟ್ಟುಕೊಂಡು ಪೆಟ್ಟಿಗೆ ಬಾಯಿ ತೆರೆಯುತ್ತದೆ. ಲಾಕು ಹಾಗೇ ಇದೆ. ಆಮೇಲೆ ಲಾಕಿನ ಸಮೇತ ಚೈನಿನ ತಲೆಯನ್ನು ಒಂದು ಸುತ್ತು ಎಳೆದರೆ, ತೆರೆದ ಗುರುತೂ ಇಲ್ಲದಂತೆ ಬಾಯಿ ಮುಚ್ಚುತ್ತದೆ. “ಚೈನ್ ಇದ್ದದ್ದು ಎಲ್ಲಾ ಹಿಂಗೇ ಬೇಟಾ. ಬಟ್ಟಿದೂ ಇಷ್ಟೇ, ಗಟ್ಟಿದೂ ಇಷ್ಟೇ. ಬಂಗಾರ, ರೊಕ್ಕ, ಮಾರ್ಕ್ಸ್ ಕಾರ್ಡು ಎಲ್ಲಾ ಮೈಮ್ಯಾಲಿನ ಬ್ಯಾಗಿನಾಗ ಇರ್ಲಿ.” ಚೈನಿಲ್ಲದೆ ಕೊಂಡಿಯಿಂದ ಬಿಗಿಯುವ ಚೌಕಟ್ಟಿನ ಪೆಟ್ಟಿಗೆಗೆ ಮಾತ್ರ ಈ ಪೆನ್ನು ನಾಟುವುದಿಲ್ಲ.

ಅಂಥದ್ದನ್ನೇ ಕೇಳಿಕೊಂಡು ಇನ್ನೊಬ್ಬರು ಬರುತ್ತಾರೆ. ಹೈದರಾಬಾದ್ ಬಳಿಯ ಶಂಷಾಬಾದ್‌ನಿಂದ ವಿಮಾನ ಹತ್ತಿ ರಿಯಾದ್‌ಗೆ ಹೊರಟವರು. ಕೈಯಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಬಿದರಿ ಹೂಜಿ, ಅಲ್ಲಿನ ಗೆಳೆಯನಿಗೆ ಉಡುಗೊರೆ. ಬಟ್ಟೆ ಬಿಚ್ಚಿ ತೋರಿಸುತ್ತಾರೆ: ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದ ಮೈ, ಕೊರೆದ ಗೆರೆಗಳಲ್ಲಿ ಕೂರಿಸಿದ ಬೆಳ್ಳಿತಂತಿ, ಬೀದರ್ ಕೋಟೆಯ ಮಣ್ಣಿನಿಂದ ಬಂದ ಆ ಮಾಸದ ಕಪ್ಪು. 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಸುಬು ಇದು. ಇವರ ಸಾಮಾನಿಗೆ ಏಟು ಬೀಳುವುದು ಇವರ ಕಣ್ಣೆದುರು ಅಲ್ಲ. ಬೆಲ್ಟಿನಿಂದ ಗಾಡಿಗೆ, ಗಾಡಿಯಿಂದ ವಿಮಾನದ ಹೊಟ್ಟೆಗೆ ಬೀಳುತ್ತದೆ, ಅದರ ಮೇಲೆ ಇನ್ನೊಬ್ಬರ ಬ್ಯಾಗುಗಳು ರಾಶಿಯಾಗುತ್ತವೆ. ಅಲ್ಲಿ ಹೊರೆ ತಡೆಯುವುದು ಗಟ್ಟಿ ಮೈಯೇ. ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. ಮೀರಬಾರದೆಂಬ ನಿಯಮ ಬಹುತೇಕ ವಿಮಾನ ಕಂಪನಿಗಳಲ್ಲಿದೆ. ಗಟ್ಟಿ ಪೆಟ್ಟಿಗೆಯ ಅಳತೆ ಎಷ್ಟು ತುಂಬಿದರೂ ಬದಲಾಗದು, ಬಟ್ಟೆಯದು ಉಬ್ಬುತ್ತದೆ. ಅವರು ಕೊಂಡಿಯ ಪೆಟ್ಟಿಗೆ ಕೊಳ್ಳುತ್ತಾರೆ, ಸರಿಯಾಗಿಯೇ ಕೊಳ್ಳುತ್ತಾರೆ.

ಮಗಳ ದಾರಿ ಬೇರೆ. ಬಸ್ಸಿನ ಮೆಟ್ಟಿಲು, ಕೆಸರು, ಪ್ಲಾಟ್‌ಫಾರ್ಮು, ಬರ್ತಿನ ಅಡಿ, ಆಮೇಲೆ ಹಾಸ್ಟೆಲ್ಲಿನ ಮಹಡಿ ಮೆಟ್ಟಿಲು. ಇದರಲ್ಲಿ ಉರುಳಿಸುವ ದಾರಿಗಿಂತ ಎತ್ತುವ ದಾರಿಯೇ ಹೆಚ್ಚು.

“ಇದ್ರಾಗ ನಮ್ಮ ಸಾಮಾನ ಹಾಕಿ ನೋಡ್ಲೇನ್ರಿ?” ಮಗಳು ಕೇಳುತ್ತಾಳೆ. ಅಂಗಡಿಯವರು ಒಪ್ಪುತ್ತಾರೆ. ಹಗ್ಗ ಬಿಚ್ಚಿ ಏರ್‌ಬ್ಯಾಗಿನ ಪುಸ್ತಕ, ಬಟ್ಟೆ, ಬೇಳೆಯ ಚೀಲವೆಲ್ಲ ಮೊದಲು ಗಟ್ಟಿ ಪೆಟ್ಟಿಗೆಗೆ. ಅಂಗಡಿಯ ಅಟ್ಟಕ್ಕೆ ಹೋಗುವ ಕಡಿದಾದ ಮೆಟ್ಟಿಲ ಮೇಲೆ ಅವಳು ಒಬ್ಬಳೇ ಅದನ್ನು ಎತ್ತುತ್ತಾಳೆ. ಪ್ರತಿ ಮೆಟ್ಟಿಲಿಗೂ ಅದರ ಅಂಚು ಮೊಣಕಾಲಿನ ಕೆಳಗೆ ತಗಲುತ್ತದೆ. ಹೊರಚಾಚಿದ ಚಕ್ರ ಮೆಟ್ಟಿಲ ತುದಿಗೆ ಸಿಕ್ಕಿಕೊಳ್ಳುತ್ತದೆ. ಈಗ ಅದೇ ಸಾಮಾನು ಬಟ್ಟೆಯದಕ್ಕೆ. ಮೇಲೊಂದು, ಪಕ್ಕದಲ್ಲೊಂದು, ತಳದಲ್ಲೊಂದು ಹಿಡಿಕೆ. ಪಕ್ಕದ ಹಿಡಿಕೆ ಹಿಡಿದು ಸೊಂಟಕ್ಕೆ ಆನಿಸಿಕೊಂಡರೆ ಮೈಗೆ ಒರಗುತ್ತದೆ. ಮೇಲೆ ಹೋಗಿ, ತಿರುಗಿ, ಇಳಿದು ಬರುತ್ತಾಳೆ. ಹೊಳೆಯುವ ಪೆಟ್ಟಿಗೆಯನ್ನು ಇನ್ನೊಮ್ಮೆ ನೋಡಿ, “ಇದೇ ಕೊಡ್ರಿ” ಎಂದು ಬಟ್ಟೆಯದರ ಮೇಲೆ ಕೈಯಿಡುತ್ತಾಳೆ.

ದುಡ್ಡು ಕೊಡುವ ಮೊದಲು ಒಳಗಿನ ಅಸ್ತರಿಯ ಸಣ್ಣ ಚೈನು ತೆರೆದು ಚಕ್ರದ ಬುಡ ನೋಡಿ. ಸ್ಕ್ರೂ ಇದ್ದರೆ ನಾಳೆ ಚಕ್ರ ಬದಲಿಸಬಹುದು, ರಿವೆಟ್ ಹೊಡೆದಿದ್ದರೆ ಅಷ್ಟು ಸುಲಭವಲ್ಲ. ಇದರಲ್ಲಿ ಸ್ಕ್ರೂ ಇದೆ. ಅಂಗಡಿಯ ಪಕ್ಕದ ಕಟ್ಟೆಯಲ್ಲಿ ಚೈನು ಹಾಕುವ ಅಜ್ಜನೊಬ್ಬರು ಕೂತಿದ್ದಾರೆ. ಅಪ್ಪ ಅವರನ್ನೂ ಕೇಳುತ್ತಾರೆ. “ಬಟ್ಟಿ ಹರಿದ್ರ ಹೊಲೀತೀನಿ, ಚೈನ್ ಹೋದ್ರ ಹಾಕ್ತೀನಿ. ಪೆಟ್ಟಿಗಿ ಸೀಳಿದ್ರ ನಾ ಏನ್ ಮಾಡ್ಲಿ ಹೇಳು?” ಜಿಲ್ಲೆಯ ಯಾವ ಸಂತೆಯಲ್ಲೂ ಹೊಲಿಗೆ ಹಾಕುವ ಕೈ ಸಿಗುತ್ತದೆ. ಒಡೆದ ಪ್ಲಾಸ್ಟಿಕ್ಕಿಗೆ ಆ ಭಾಗ್ಯವಿಲ್ಲ.

ಹಲಬರ್ಗಾ ದಾಟಿ ಭಾಲ್ಕಿ ತಲುಪುವಾಗ ಮಳೆ ಮತ್ತೆ ಹಿಡಿದಿದೆ. ನಿಲ್ದಾಣದಿಂದ ಅತ್ತೆಯ ಮನೆಯವರೆಗೆ ಬರುವಷ್ಟರಲ್ಲಿ ಹೊಸ ಬ್ಯಾಗಿನ ಮೇಲ್ಭಾಗ ತೊಯ್ದಿದೆ. ಬಟ್ಟೆಯ ಬ್ಯಾಗಿನ ದೊಡ್ಡ ಕೊರತೆಯೇ ಇದು, ಇದನ್ನು ಮುಚ್ಚಿಡಬಾರದು. ನೀರು ಮೊದಲು ಒಳಬರುವುದು ಬಟ್ಟೆಯಿಂದಲ್ಲ, ಹೊಲಿಗೆ ಮತ್ತು ಚೈನಿನ ಸಂದಿಯಿಂದ. ಅತ್ತೆ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ, ಒಂದು ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನೊಳಗೆ ಬಿಡಿಸಿ, ಬಟ್ಟೆಯೆಲ್ಲ ಅದರೊಳಗೆ ಹಾಕಿ ಬಾಯಿ ತಿರುಚುತ್ತಾರೆ. ಕೊರತೆ ಅಲ್ಲಿಗೆ ತೀರಿತು.

ಅಟ್ಟದ ಮೇಲೆ ಅವರ ಮದುವೆಯ ವಿಐಪಿ ಸೂಟ್‌ಕೇಸಿದೆ. ಅಚ್ಚಿನ ಮೈ, ಎರಡು ಕೊಂಡಿ, ಚಕ್ರವಿಲ್ಲ. ಪೆಟ್ಟಿಗೆಗೆ ಚಕ್ರ ಹಚ್ಚಿದ್ದಕ್ಕೆ ಅಮೆರಿಕದ ಬರ್ನಾರ್ಡ್ ಸ್ಯಾಡೊ ಪೇಟೆಂಟ್ ಪಡೆದದ್ದು 1972ರಲ್ಲಿ. ನೆಟ್ಟಗೆ ನಿಲ್ಲುವ, ಓರೆಯಾಗಿ ಎಳೆಯುವ ಎರಡು ಚಕ್ರದ ಬ್ಯಾಗನ್ನು ಪೈಲಟ್ ರಾಬರ್ಟ್ ಪ್ಲಾತ್ ರೂಪಿಸಿದ್ದು 1987ರಲ್ಲಿ. ಇಬ್ಬರಿಗೂ ಇದು ಹೊಳೆದದ್ದು ವಿಮಾನಯಾನದ ಜಗತ್ತಿನಲ್ಲಿ, ನುಣುಪು ನೆಲದ ಮೇಲೆ. ಆ ನೆಲ ಬೀದರ್‌ಗೂ ಬಂದಿದೆ. 2020ರ ಫೆಬ್ರುವರಿಯಲ್ಲಿ ಇಲ್ಲಿಂದ ಬೆಂಗಳೂರಿಗೆ ವಿಮಾನ ಶುರುವಾಯಿತು, ನಡುವೆ ನಿಂತು ಮತ್ತೆ ಹಾರಿತು. ಔರಾದ್‌ನ ಕೆಸರು ಮಾತ್ರ ಹಾಗೇ ಇದೆ.

ಈಗ ಬುತ್ತಿಯ ಸರದಿ. ಅತ್ತೆ ತಟ್ಟಿ ಒಣಗಿಸಿದ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಾವಿನ ಉಪ್ಪಿನಕಾಯಿ. ಬಟ್ಟೆಯ ಬ್ಯಾಗಿನಲ್ಲಿ ರೊಟ್ಟಿಯನ್ನು ಹಾಗೇ ಇಟ್ಟರೆ ಬೆಂಗಳೂರಿಗೆ ಹೋಗುವುದು ಬರೀ ಚೂರು. ಅತ್ತೆ ಅಗಲವಾದ ಸ್ಟೀಲ್ ಡಬ್ಬಿಗೆ ರೊಟ್ಟಿ ಜೋಡಿಸಿ, ಮೇಲೆ ಉಳಿದ ಜಾಗಕ್ಕೆ ಮಡಚಿದ ಕರವಸ್ತ್ರ ಒತ್ತಿ ಮುಚ್ಚಳ ಹಾಕುತ್ತಾರೆ. ಒಡೆಯುವ ನಾಲ್ಕು ವಸ್ತುಗಳಿಗಾಗಿ ಇಡೀ ಪೆಟ್ಟಿಗೆ ಗಟ್ಟಿಯಾಗಿರಬೇಕಿಲ್ಲ, ಅವುಗಳ ಗೂಡು ಗಟ್ಟಿಯಾಗಿದ್ದರೆ ಸಾಕು. ಉಪ್ಪಿನಕಾಯಿ ಮಾತ್ರ ಬ್ಯಾಗಿನೊಳಗೆ ಬೇಡ. ಎಣ್ಣೆ ಸೋರಿದರೆ ಗಟ್ಟಿ ಪೆಟ್ಟಿಗೆಯನ್ನು ಒರೆಸಬಹುದು, ಬಟ್ಟೆಯಿಂದ ಆ ಕಲೆ ಹೋಗದು. ಉಪ್ಪಿನಕಾಯಿ ಕೈಚೀಲಕ್ಕೆ ಹೋಗುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ಇನ್ನೊಂದು ಅನುಕೂಲ ಕಾದಿದೆ. ನಡುವೆ ಸೀಳಿ ಎರಡು ಹೋಳಾಗಿ ತೆರೆಯುವ ಗಟ್ಟಿ ಪೆಟ್ಟಿಗೆಗೆ ದುಪ್ಪಟ್ಟು ನೆಲ ಬೇಕು. ಬಟ್ಟೆಯ ಬ್ಯಾಗು ಮುಚ್ಚಳದಂತೆ ಮೇಲಕ್ಕೆ ತೆರೆಯುತ್ತದೆ, ಮಂಚದ ಕೆಳಗಿಂದ ಅರ್ಧ ಎಳೆದರೂ ಬಟ್ಟೆ ತೆಗೆಯಬಹುದು.

ಭಾಲ್ಕಿ ನಿಲ್ದಾಣದಲ್ಲಿ ಲಾತೂರಿನಿಂದ ಯಶವಂತಪುರಕ್ಕೆ ಹೋಗುವ ರೈಲಿಗೆ ಕಾಯುತ್ತಿದ್ದೀರಿ. “ಭಾಳ ಆತೇನೋ ಸಾಮಾನ” ಎಂದು ಅಪ್ಪನಿಗೆ ಅಳುಕು. ಸ್ಲೀಪರ್ ಟಿಕೆಟ್ಟಿಗೆ ತಲಾ 40 ಕಿಲೊ ಉಚಿತ, ಚಿಂತೆಯಿಲ್ಲ. ರೈಲು ನಿಲ್ಲುವುದು ಸ್ವಲ್ಪ ಹೊತ್ತು, ಬೋಗಿಯ ಮೆಟ್ಟಿಲು ಎತ್ತರ. ಅಪ್ಪ ಬ್ಯಾಗಿಗೆ ಕೈ ಹಾಕುತ್ತಾರೆ, ಮತ್ತೆ ಹಿಂದೆಗೆಯುತ್ತಾರೆ. “ಇವತ್ತು ನಾ ಇದ್ದೀನವ್ವಾ. ದೀಪಾವಳಿಗಿ ಬರಾಗ ನೀ ಒಬ್ಬಾಕಿನೇ ಬರಬೇಕು. ನೀನೇ ಹತ್ತಿಸು.” ಅವಳು ಪಕ್ಕದ ಹಿಡಿಕೆ ಹಿಡಿದು, ಸೊಂಟಕ್ಕೆ ಆನಿಸಿ, ಒಂದೇ ಬೀಸಿಗೆ ಹತ್ತಿಸುತ್ತಾಳೆ. ಬರ್ತಿನ ಕೆಳಗೆ ಆಗಲೇ ಯಾರದೋ ಟ್ರಂಕಿದೆ. ಉಳಿದ ಸಂದಿಯಲ್ಲಿ ಬ್ಯಾಗನ್ನು ಒತ್ತಿ ತೂರಿಸಿ, ಸರಪಳಿ ಹಾಕುತ್ತಾಳೆ.

ನೀವು ಬ್ಯಾಗು ಕೊಳ್ಳಲು ಹೊರಟರೆ ಮೊದಲು ನಿಮ್ಮ ದಾರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಬಾಗಿಲಿಗೆ ಕಾರು, ಅಲ್ಲಿಂದ ವಿಮಾನ, ಒಳಗೆ ಒಡೆಯುವ ಸಾಮಾನು ಎಂದಾದರೆ ಬಗ್ಗಿ ಪುಟಿಯುವ ಗಟ್ಟಿ ಮೈಯದು ತಗೊಳ್ಳಿ. ಬಸ್ಸು, ಕೆಸರು, ಮೆಟ್ಟಿಲು, ಬರ್ತಿನ ಸಂದಿ ಎಂದಾದರೆ ದೊಡ್ಡ ಚಕ್ರದ, ಪಕ್ಕಕ್ಕೆ ಹಿಡಿಕೆಯಿರುವ, ಊರಿನ ಕೈಗಳು ಹೊಲಿಯಬಲ್ಲ ಬಟ್ಟೆಯದು. ಎರಡರಲ್ಲಿ ಯಾವುದಾದರೂ ಸರಿ, ಅದನ್ನು ಎತ್ತಬೇಕಾದವರನ್ನೇ ಅಂಗಡಿಗೆ ಕರೆದೊಯ್ಯಿರಿ, ತುಂಬಿದ ಬ್ಯಾಗನ್ನು ಅವರ ಕೈಗೇ ಕೊಡಿ. ಹೊರುವವರೇ ಆರಿಸಲಿ.