ಮೋಟಾರಿನ ಮುಚ್ಚಿಗೆ

ಕೇಣಿಯಂತಹ ಕಡಲತಡಿಯ ಊರಿನಲ್ಲಿ ಮಾಡಿನ ಚಿಂತೆಯಿಲ್ಲದ ಮನೆಯಿಲ್ಲ. ಮೃಗಶಿರಾ ಮಳೆ ಹಿಡಿಯುವ ಮೊದಲೇ ಒಡೆದ ಹಂಚುಗಳನ್ನು ತೆಗೆದು ಹೊಸವನ್ನು ಹೊದಿಸಬೇಕು. ದಡಕ್ಕೆಳೆದ ದೋಣಿಗಳಿಗೂ ಒಂದು ಮರೆ ಕಟ್ಟಬೇಕು. ವರುಷಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಹೊರಮಾಡಿನ ಮರ್ಮವನ್ನು ಮಕ್ಕಳೂ ಬಲ್ಲರು. ಆದರೆ ಆ ಮಾಡಿನ ಕೆಳಗಿರುವ ಮುಚ್ಚಿಗೆಯ ಕಡೆಗೆ ಕಣ್ಣೆತ್ತಿ ನೋಡುವವರು ವಿರಳ. ಅದು ಮಳೆಯನ್ನು ತಡೆಯುವುದಿಲ್ಲ, ಭಾರವನ್ನು ಹೊರುವುದಿಲ್ಲ. ಕಾವನ್ನೂ ಧೂಳನ್ನೂ ಸದ್ದನ್ನೂ ಅಷ್ಟಿಷ್ಟು ತಡೆದು ಸುಮ್ಮನಿರುತ್ತದೆ. ಅದರ ಇರವು ಜನಕ್ಕೆ ತಿಳಿಯುವುದು ಅದು ಕಳಚಿ ಬಿದ್ದಾಗಲೇ.

ಮೋಟಾರು ಗಾಡಿಗೂ ಇಂಥದೊಂದು ಮುಚ್ಚಿಗೆಯುಂಟು. ತಗಡಿನ ಛಾವಣಿಯ ಒಳಮೈಗೆ ಹೊದಿಸಿದ ಆ ಬಟ್ಟೆಯನ್ನು ಕುಶನ್ ಕೆಲಸದವರು ರೂಫ್ ಲೈನಿಂಗ್ ಎನ್ನುತ್ತಾರೆ. ಕೇಣಿಯ ಒಬ್ಬ ನಿವೃತ್ತ ಮಾಸ್ತರರಿಗೆ ಇದರ ಪರಿಚಯವಾದದ್ದು ಅವರ ಅಣ್ಣ ತೀರಿಕೊಂಡ ಮೇಲೆ. ಮುಂಬಯಿಯಲ್ಲಿ ಬಹುಕಾಲ ದುಡಿದ ಆ ಅಣ್ಣ ಬಿಟ್ಟುಹೋದ ವಸ್ತುಗಳಲ್ಲಿ ಎರಡು ಬಾಗಿಲಿನ, ನೆಲಕ್ಕಂಟಿದಂತೆ ತಗ್ಗಾದ ಒಂದು ಹಳೆಯ ಸ್ಪೋರ್ಟ್ಸ್ ಕಾರೂ ಇದ್ದಿತು. ಯಂತ್ರ ಗಟ್ಟಿಯಾಗಿತ್ತು, ಬಣ್ಣ ಮಾಸಿರಲಿಲ್ಲ. ಆದರೆ ಒಳಗಿನ ಬಟ್ಟೆ ಜೋತುಬಿದ್ದಿತ್ತು. ಎತ್ತರದ ಗಾಡಿಯಲ್ಲಾದರೆ ಇದು ಕಣ್ಣಿಗೆ ಮಾತ್ರ ಕೊರತೆ. ಈ ತಗ್ಗು ಗಾಡಿಯಲ್ಲಿ ಬಟ್ಟೆ ನೆತ್ತಿಗೆ ತಾಗುತ್ತಿತ್ತು, ಹಿಂದಣ ದಾರಿಯನ್ನು ತೋರುವ ಕನ್ನಡಿಯನ್ನು ಮರೆಮಾಡುತ್ತಿತ್ತು. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ದಾರಿಯ ಅರಬೈಲು ಘಟ್ಟದಲ್ಲಿ ಲಾರಿಗಳ ಸಾಲಿನ ನಡುವೆ ಹೀಗೆ ಕುರುಡಾಗಿ ಸಾಗುವುದೆಂದರೆ ಪ್ರಾಣದ ಮಾತು. ಬೆಂಗಳೂರಿನಲ್ಲಿದ್ದ ಮಗನು, ಗಾಡಿಯನ್ನು ಗುಜರಿಗೆ ಕೊಟ್ಟುಬಿಡಿರೆಂದು ಬರೆದನು. ಮಾಸ್ತರರು ಅದಕ್ಕೆ ಉತ್ತರ ಬರೆಯಲಿಲ್ಲ. ಅಣ್ಣನು ಕೂತ ಜಾಗದಲ್ಲಿ ಕೂತು ನಾಲ್ಕು ಮೈಲಿ ಹೋಗಿಬರುವ ಸುಖವನ್ನು ಕಾಗದದಲ್ಲಿ ತಿಳಿಸುವುದು ಅವರಿಗೆ ಆಗದ ಮಾತು.

ಬಟ್ಟೆ ಜೋಲುವುದೇತಕ್ಕೆ? ಹಳೆಯ ಕಾಲದ ಗಾಡಿಗಳಲ್ಲಿ ಬಟ್ಟೆಯನ್ನು ತೂಗುಹಾಕುತ್ತಿದ್ದರು. ಅದರ ಬೆನ್ನಿಗೆ ಅಡ್ಡಡ್ಡವಾಗಿ ಪಟ್ಟಿಗಳನ್ನು ಹೊಲಿದು, ಪಟ್ಟಿಯೊಳಗೆ ಉಕ್ಕಿನ ಸರಳುಗಳನ್ನು ತೂರಿಸಿ, ಸುತ್ತಲೂ ಅಂಚನ್ನು ಬಿಗಿದೆಳೆದು ಅಂಟಿಸುತ್ತಿದ್ದರು. 1963ರಲ್ಲಿ ಮೊದಲು ಪ್ರದರ್ಶನಕ್ಕೆ ಬಂದ ಪೋರ್ಶೆ 911ರ ಹಳೆಯ ಗಾಡಿಗಳಲ್ಲಿರುವುದು ಇದೇ ಕ್ರಮ. ಅವುಗಳ ಬಟ್ಟೆ ಬದಲಿಸಬೇಕಾದರೆ ಮುಂದಣ ಹಿಂದಣ ಗಾಜುಗಳೆರಡನ್ನೂ ಕಳಚಬೇಕು. ಬೆಂಗಳೂರಿನ ಸ್ಯಾನ್ ಸಂಸ್ಥೆಯವರು 1990ರ ದಶಕದ ಕೊನೆಗೆ ಹೊರತಂದ ಎರಡಾಸನದ ಸ್ಟಾರ್ಮ್ ಕಾರಿನಂತಹವುಗಳಿಗೆ ಮಡಚುವ ಬಟ್ಟೆಯೇ ಮೇಲ್ಕಟ್ಟು. ಮಾಸ್ತರರ ಗಾಡಿ ಈ ಎರಡು ಜಾತಿಗೂ ಸೇರಿದುದಲ್ಲ. ಅದರಲ್ಲಿ ಛಾವಣಿಯ ಆಕಾರಕ್ಕೆ ಅಚ್ಚೊತ್ತಿದ ಒಂದು ಹಗುರವಾದ ಹಲಗೆ, ಹಲಗೆಗೆ ತೆಳ್ಳನೆಯ ಫೋಮು, ಫೋಮಿಗೆ ಬಟ್ಟೆ.

ಈ ನಡುವಣ ಫೋಮೇ ಸಕಲ ಅನರ್ಥಕ್ಕೂ ಮೂಲ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರನೂ ಆತನ ಸಂಗಡಿಗರೂ ಕಂಡುಹಿಡಿದ ಪಾಲಿಯುರೆಥೇನ್ ಎಂಬ ದ್ರವ್ಯದಿಂದ ಇದನ್ನು ಮಾಡುತ್ತಾರೆ. ಇದರಲ್ಲಿ ಪಾಲಿಯೆಸ್ಟರ್ ಮೂಲದ ಬಗೆಗೆ ತೇವವೇ ಶತ್ರು. ಗಾಳಿಯಲ್ಲಿನ ನೀರಾವಿ ಅದರ ಕಣಗಳ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಕಾವು ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗಿನ ಕಾವು 50 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ತೇವವೂ ಕಾವೂ ಕೂಡಿಯೇ ಇರುವ ನಮ್ಮ ಕರಾವಳಿಯಲ್ಲಿ ಫೋಮಿನ ಆಯುಷ್ಯ ಬೇಗ ತೀರುವುದರಲ್ಲಿ ಸೋಜಿಗವೇನು? ಕೊನೆಗೆ ಅದು ಹಳದಿ ಹಿಟ್ಟಾಗಿ ಉದುರುತ್ತದೆ. ಬಟ್ಟೆ ಹರಿದಿರುವುದಿಲ್ಲ, ಹಲಗೆ ಮುರಿದಿರುವುದಿಲ್ಲ. ಅವೆರಡನ್ನೂ ಕೂಡಿಸಿ ಹಿಡಿದ ವಸ್ತು ಮಾತ್ರ ಇಲ್ಲವಾಗಿರುತ್ತದೆ.

ಮಾಸ್ತರರು ಮೊದಲು ಗುಂಡುಸೂಜಿಗಳನ್ನು ಚುಚ್ಚಿ ನೋಡಿದರು. ಸೂಜಿಯಿದ್ದಲ್ಲಿ ಬಟ್ಟೆ ನಿಂತಿತು, ಸೂಜಿಗಳ ನಡುವೆ ಹೊಟ್ಟೆ ಬಿಟ್ಟಿತು. ಬಳಿಕ ಗಾಡಿಯನ್ನು ಪೇಟೆಯ ಕುಶನ್ ಅಂಗಡಿಗೆ ಒಯ್ದರು. ಅಂಗಡಿಯವನು ಅವರ ಕೈಯಲ್ಲೇ ಕಲಿತವನು.

“ಇದಕ್ಕೊಂದಿಷ್ಟು ಗೋಂದು ಹಚ್ಚಿ ಒತ್ತಿಬಿಡು, ತಮ್ಮಾ,” ಎಂದರು.

“ಹಿಟ್ಟಿನ ಮೇಲೆ ಗೋಂದು ಹಚ್ಚಿದರೆ ಅದು ಹಿಟ್ಟಿಗೆ ಅಂಟೀತು, ಮಾಸ್ತರರೆ; ಹಲಗೆಗೆ ಅಂಟಲಾರದು. ಹಲಗೆಯನ್ನೇ ಹೊರಗೆ ತೆಗೆಯಬೇಕು,” ಎಂದನವನು.

ತೆಗೆಯುವುದೇ ಗಂಡಾಂತರದ ಕೆಲಸ. ಬಟ್ಟೆ ಹುಬ್ಬಳ್ಳಿಯಲ್ಲಿ ಸಿಗುತ್ತದೆ, ಫೋಮು ಸಿಗುತ್ತದೆ, ಅಂಟು ಸಿಗುತ್ತದೆ. ಆ ಗಾಡಿಯ ಹಲಗೆ ಮಾತ್ರ ಈಗ ಎಲ್ಲಿಯೂ ತಯಾರಾಗುವುದಿಲ್ಲ. ಎರಡೇ ಬಾಗಿಲಿನ ಇಕ್ಕಟ್ಟಿನಲ್ಲಿ ಅದನ್ನು ಬಳುಕಿಸಿ ಹೊರತರುವಾಗ ಒಂದು ಸಲ ಲಟ್ಟೆಂದರೆ ತೀರಿತು. ಬ್ಯಾಟರಿಯ ತಂತಿ ಬಿಡಿಸಿ, ಒಳದೀಪವನ್ನೂ ಬಿಸಿಲುಮರೆಗಳನ್ನೂ ಕಳಚಿ, ಆಸನಗಳನ್ನು ಪೂರ್ತಿ ಹಿಂದಕ್ಕೆ ಒರಗಿಸಿ, ಇಬ್ಬರು ಹಿಡಿದು ಹಿಂಬಾಗಿಲಿನಿಂದ ಹಲಗೆಯನ್ನು ಇಳಿಸಿದರು. ಮಾಸ್ತರರು ದೂರ ನಿಂತು ಉಸಿರು ಬಿಗಿಹಿಡಿದಿದ್ದರು.

ಮುಂದಿನದು ತಾಳ್ಮೆಯ ಕೆಲಸ. ಅರ್ಧ ದಿನವೆಲ್ಲ ಕುಂಚಿಕೆಯಿಂದ ಹಳೆಯ ಫೋಮನ್ನು ಉಜ್ಜಿ ತೆಗೆದದ್ದೇ ಆಯಿತು. ಹಲಗೆಯ ಪದರ ಎದ್ದೀತೆಂದು ಕೈ ಹಗುರವಾಗಿರಬೇಕು, ಹಿಟ್ಟು ಉಳಿದೀತೆಂದು ಕಣ್ಣು ಚುರುಕಾಗಿರಬೇಕು. ಬೆನ್ನಿಗೆ ತೆಳುವಾದ ಫೋಮುಳ್ಳ ಹೊಸ ಬಟ್ಟೆಯನ್ನು ಹಾಸಿ, ಅರ್ಧವನ್ನು ಮಡಚಿ, ಹಲಗೆಗೂ ಬಟ್ಟೆಗೂ ಕಾವಿಗೆ ಕರಗದ ಅಂಟನ್ನು ಸವರಿ, ಬೆರಳಿಗೆ ಹಸಿಯಾಗಿ ತಾಗದಷ್ಟು ಆರಿದ ಮೇಲೆ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ನೇವರಿಸುತ್ತ ಕೂಡಿಸಬೇಕು, ಆಮೇಲೆ ಉಳಿದರ್ಧ. ತಗ್ಗುಗಳಲ್ಲಿ ಬಟ್ಟೆಯನ್ನು ಎಳೆಯಬಾರದು, ಒಳಕ್ಕೆ ಕೂರಿಸಬೇಕು; ಎಳೆದುದು ಮುಂದೆ ಒಂದು ದಿನ ಮೇಲೇಳದೆ ಇರದು. ಅಂಟಿನ ಆವಿ ಬೆಂಕಿಗೂ ಉಸಿರಿಗೂ ಕೇಡು. ಆದ್ದರಿಂದ ಕೆಲಸ ಬಯಲಿನಲ್ಲಿಯೇ ನಡೆಯತಕ್ಕದ್ದು. ಮಳೆಗಾಲದಲ್ಲಂತೂ ಕೂಡದು, ಅಂಟು ಆರುವಾಗ ತಂಪಾಗುವ ಅದರ ಮೈಮೇಲೆ ಗಾಳಿಯ ತೇವ ಕುಳಿತು ಹಿಡಿತವನ್ನು ಕೆಡಿಸುತ್ತದೆ. ಅದಕ್ಕಾಗಿಯೇ ಈ ಕೆಲಸಕ್ಕೂ ಹಂಚು ಹೊದಿಸುವ ತಿಂಗಳೇ ತಕ್ಕ ಕಾಲ.

ದುರಸ್ತಿಯೆಂದರೆ ಹೊಸದನ್ನು ತಂದು ಹಚ್ಚುವುದೆಂದು ಲೋಕದ ಎಣಿಕೆ. ಈ ಕೆಲಸವನ್ನು ಕಂಡವರಿಗೆ ಬೇರೊಂದು ಮಾತು ತೋರೀತು. ಹೊಸದನ್ನು ಹಚ್ಚುವುದಕ್ಕಿಂತ ಸತ್ತುದನ್ನು ಪೂರ್ತಿ ತೆಗೆಯುವುದು ಹೆಚ್ಚಿನ ಕೆಲಸ; ಅದಕ್ಕಿಂತಲೂ ಹೆಚ್ಚಿನದು, ಮತ್ತೆ ಸಿಗಲಾರದ್ದನ್ನು ಮುರಿಯದೆ ಉಳಿಸಿಕೊಳ್ಳುವುದು. ಅಣ್ಣನ ಬಟ್ಟೆ ಹೋಯಿತೆಂದು ಮಾಸ್ತರರು ಮರುಗಲಿಲ್ಲ. ಅಣ್ಣನ ಕಾಲದ ಹಲಗೆ ಗಾಡಿಯಲ್ಲಿ ಮರಳಿ ಕೂತುದನ್ನು ಕಂಡು ಅವರಿಗೆ ಸಮಾಧಾನವಾಯಿತು. ಇನ್ನು ಅದು ಯಾರ ಕಣ್ಣಿಗೂ ಬೀಳುವಂತಿಲ್ಲ, ಬೀಳಬೇಕಾದುದೂ ಇಲ್ಲ.

ಕೂಲಿ ಎಣಿಸಿ ಕೊಟ್ಟಾಗ ಅಂಗಡಿಯವನು ಮಿಕ್ಕಿದ ಬಟ್ಟೆಯನ್ನು ಸುರುಳಿ ಸುತ್ತಿ ಗಾಡಿಯ ಹಿಂದೆ ಇಟ್ಟನು. ಈ ಫೋಮೂ ಚಿರಂಜೀವಿಯಲ್ಲ. ಮುಂದೆ ಎಲ್ಲಿಯಾದರೂ ತೇಪೆ ಬೇಕಾದರೆ ಇದೇ ಬಣ್ಣ ಸಿಗದೆಂದನು. ಮಾಸ್ತರರು ಆ ಸುರುಳಿಯ ಮೇಲೆ ಇಸವಿಯನ್ನೂ ಅಂಗಡಿಯವನ ಹೆಸರನ್ನೂ ಬರೆದಿಟ್ಟರು, ಮಗನಿಗೆ ಬೇಕಾದೀತು.