ಮೊದಲು ಕಿಡಿ ನೋಡು

ಹಳೆಯ ಕಾರು ಎಂದರೆ ನಮ್ಮ ಕಡೆ ಎರಡೇ ಬಗೆ. ಗುಜರಿಗೆ ಹೋಗುವಂಥದ್ದು ಒಂದು. ಶ್ರೀಮಂತರ ಶೆಡ್ಡಿನಲ್ಲಿ ಮುಸುಕು ಹೊದ್ದು ನಿಂತು, ವರ್ಷಕ್ಕೊಮ್ಮೆ ರ‍್ಯಾಲಿಗೆ ಹೊರಬರುವಂಥದ್ದು ಇನ್ನೊಂದು. ಇಂಗ್ಲೆಂಡಿನಲ್ಲಿ ಮೂರನೆಯ ಬಗೆಯೊಂದುಂಟು. ಶಾಲಾ ಮೇಷ್ಟರು, ನರ್ಸುಗಳು, ಬಸ್ ಡ್ರೈವರುಗಳು, ನಿವೃತ್ತ ಗುಮಾಸ್ತರು ಮನೆಯ ಪಕ್ಕದ ಗ್ಯಾರೇಜಿನಲ್ಲಿ ಇಟ್ಟುಕೊಂಡು ಭಾನುವಾರ ಬೆಳಿಗ್ಗೆ ತೊಳೆದು, ಒರೆಸಿ, ಕೈಯೆಲ್ಲ ಎಣ್ಣೆ ಮಾಡಿಕೊಂಡು ಸಾಕುವ ಎರಡು ಸೀಟಿನ ತೆರೆದ ಕಾರುಗಳು. ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ ಎಂದು ಅವಕ್ಕೆ ಹೆಸರು. ಹೊರಗೆ ಮಳೆ ಬಂದರೆ ಒಳಗೂ ಸ್ವಲ್ಪ ಬರುತ್ತದೆ. ಚಳಿಗಾಲದಲ್ಲಿ ಮುನಿಸಿಕೊಳ್ಳುತ್ತವೆ. ಆದರೂ ಅವುಗಳ ಮೇಲಿನ ಅಕ್ಕರೆ ಮಾತ್ರ ಇಳಿಯುವುದಿಲ್ಲ.

ಆ ಪಂಗಡದಲ್ಲಿ ನಾನೂ ಒಬ್ಬ. ಕರ್ನಾಟಕದಲ್ಲಿ ಬಿಎಸ್ಸಿ, ಬಿಇಡಿ ಮುಗಿಸಿ ಕೆಲವು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಆಮೇಲೆ ಇಲ್ಲಿಗೆ ಬಂದು ಆಕ್ಸ್‌ಫರ್ಡ್ ಸೀಮೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿರುವವನು. ನನ್ನಲ್ಲಿರುವುದು 1970ರ ಎಂಜಿಬಿ. ಅದನ್ನು ಕೊಳ್ಳಲು ಕಾರಣವಾದದ್ದು ಅದರ ಚೆಲುವಲ್ಲ, ಬಾನೆಟ್ ಎತ್ತಿದಾಗ ಕಂಡ ಎಂಜಿನ್. ನನ್ನ ಸೋದರಮಾವ ತಿಪಟೂರಿನಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸುತ್ತಿದ್ದರು. ಪ್ಲಗ್ಗುಗಳನ್ನು ಉಜ್ಜಿಕೊಡುವುದು ಬೇಸಿಗೆ ರಜೆಯಲ್ಲಿ ನನ್ನ ಪಾಲಿನ ಕೆಲಸ. ಹಾಗಾಗಿ ಆ ಎಂಜಿನ್ನಿನ ಮುಖ ಪರಿಚಿತ. ಅದೇ ಮುಖ ಸಾವಿರಾರು ಮೈಲಿ ದೂರದಲ್ಲಿ, ಹಸಿರು ಬಣ್ಣದ ಸ್ಪೋರ್ಟ್ಸ್ ಕಾರಿನೊಳಗಿಂದ ನನ್ನನ್ನು ನೋಡಿತು.

ಇದೇನೂ ಪವಾಡವಲ್ಲ. ನಮ್ಮ ಅಂಬಾಸಿಡರ್ ಎಂದರೆ ಇಲ್ಲಿಯ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಅವತಾರ. 2014ರವರೆಗೂ ಅದು ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅದರಲ್ಲಿ ದಶಕಗಳ ಕಾಲ ದುಡಿದ 1489 ಸಿಸಿ ಎಂಜಿನ್ನೂ, 1955ರಲ್ಲಿ ಬಂದ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನ ಎಂಜಿನ್ನೂ ಒಂದೇ ಮನೆತನದವು. ಎಂಜಿಬಿಯ 1798 ಸಿಸಿ ಎಂಜಿನ್ ಅದೇ ಮನೆಯ ದೊಡ್ಡ ಮಗ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಹಿರಿಯ ಓದುಗರಿಗೆ ನೆನಪಿರಬಹುದು. ಅದೂ ಇಲ್ಲಿಯ ಟ್ರಯಂಫ್ ಹೆರಾಲ್ಡೇ. ಅದರ ಚಾಸಿಯನ್ನು ಗಿಡ್ಡ ಮಾಡಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರನ್ನು ರೂಪಿಸಿದರು. ಮದುವೆ ದಿಬ್ಬಣ ಹೊತ್ತ ಕಾರಿಗೂ ಮೋಜಿನ ಕಾರಿಗೂ ಹೊಟ್ಟೆಯೊಳಗಿನ ವ್ಯತ್ಯಾಸ ಅಷ್ಟೇನೂ ಇರಲಿಲ್ಲ.

ಎಂಜಿ ಎಂದರೆ ಮೋರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ಆ ಗ್ಯಾರೇಜಿನಲ್ಲಿ ಮ್ಯಾನೇಜರಾಗಿದ್ದ ಸೆಸಿಲ್ ಕಿಂಬರ್ ಎಂಬಾತ ಸಾಧಾರಣ ಮೋರಿಸ್ ಕಾರುಗಳಿಗೆ ಚುರುಕು ಮೈ ತೊಡಿಸಿ ಮಾರತೊಡಗಿದ್ದು 1920ರ ದಶಕದಲ್ಲಿ. 1929ರಲ್ಲಿ ಕಾರ್ಖಾನೆ ಹತ್ತಿರದ ಆಬಿಂಗ್‌ಡನ್ ಎಂಬ ಊರಿಗೆ ಹೋಯಿತು. ಎಂಜಿಬಿ ಅಲ್ಲಿ 1962ರಿಂದ 1980ರವರೆಗೆ ತಯಾರಾಯಿತು. ಒಟ್ಟು ಐದು ಲಕ್ಷಕ್ಕೂ ಹೆಚ್ಚು ಕಾರುಗಳು. ಬಹುಪಾಲು ಅಮೆರಿಕಕ್ಕೆ ಹೋದವು. 1980ರ ಅಕ್ಟೋಬರಿನಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2019ರಿಂದ ನಮ್ಮ ಊರುಗಳಲ್ಲಿ ಎಂಜಿ ಎಂದು ಓಡಾಡುತ್ತಿರುವ ಕಾರುಗಳು ಆ ಹೆಸರನ್ನು ಕೊಂಡುಕೊಂಡ ಚೀನಾದ ಕಂಪನಿಯ ಬಳಗದವು.

ಕಾರ್ಖಾನೆ ಮುಚ್ಚಿ 40 ವರ್ಷ ಕಳೆದ ಮೇಲೂ ಸಾವಿರಾರು ಕಾರುಗಳು ಓಡುತ್ತಿವೆ. ಬಿಡಿಭಾಗಗಳು ಸಿಗುತ್ತವೆ ಎಂಬುದು ಒಂದು ಕಾರಣ. ಹಳೆಯ ಅಚ್ಚುಗಳನ್ನೇ ಹುಡುಕಿ ತೆಗೆದು, ಎಂಜಿಬಿಯ ಇಡೀ ಮೈಯನ್ನೇ 1988ರಿಂದ ಹೊಸದಾಗಿ ಮಾಡಿಕೊಡುತ್ತಿದ್ದಾರೆ. ಅದಕ್ಕಿಂತ ದೊಡ್ಡ ಕಾರಣ ಮಾಲೀಕರ ಸಂಘಗಳು. ಎಂಜಿ ಕಾರ್ ಕ್ಲಬ್ ಹುಟ್ಟಿದ್ದು 1930ರಲ್ಲಿ, ಎಂಜಿ ಓನರ್ಸ್ ಕ್ಲಬ್ 1973ರಲ್ಲಿ. ನಮ್ಮ ಕಡೆಯ ಮಾಲೀಕರು ತಿಂಗಳಿಗೊಂದು ಸಂಜೆ ಹಳ್ಳಿಯ ಪಬ್ಬೊಂದರ ಅಂಗಳದಲ್ಲಿ ಸೇರುತ್ತೇವೆ. ನಾನು ನಿಂಬೆ ಪಾನಕದವನು, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಬಾನೆಟ್ಟುಗಳು ತೆರೆದುಕೊಳ್ಳುತ್ತವೆ, ತಲೆಗಳು ಬಗ್ಗುತ್ತವೆ, ಸಲಹೆಗಳು ಹರಿಯುತ್ತವೆ.

ಸಲಹೆಗೇನು, ಲೋಕದಲ್ಲಿ ಬರವಿಲ್ಲ. ಕೆಮ್ಮು ಬಂದವನಿಗೆ ಹತ್ತು ಜನ ಹತ್ತು ಕಷಾಯ ಹೇಳುವುದಿಲ್ಲವೇ, ಹಾಗೆ. ಒಳ್ಳೆಯ ಸಲಹೆ ಯಾವುದು, ಬರೀ ಮಾತು ಯಾವುದು ಎಂದು ಬೇರ್ಪಡಿಸುವುದನ್ನು ನಾನು ಹತ್ತಿರದಿಂದ ನೋಡಿದ್ದು ಅಲ್ಲಿ, ಒಬ್ಬ ಹಿರಿಯರಿಂದ. ಅವರಿಗೀಗ 80 ದಾಟಿದೆ. ಹದಿನಾರನೆಯ ವಯಸ್ಸಿಗೆ ಆಬಿಂಗ್‌ಡನ್ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿ, ಬಾಗಿಲು ಮುಚ್ಚುವವರೆಗೂ ಅಲ್ಲೇ ಇದ್ದವರು. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ.

ಒಮ್ಮೆ ಇಪ್ಪತ್ತೆರಡರ ಹುಡುಗನೊಬ್ಬ ಸಭೆಗೆ ಬಂದ. ಮೂರು ವರ್ಷ ಉಗ್ರಾಣವೊಂದರಲ್ಲಿ ದುಡಿದು ಹಣ ಕೂಡಿಸಿದ್ದ. ಫಳಫಳ ಹೊಳೆಯುವ ಕೆಂಪು ಎಂಜಿಬಿಯೊಂದನ್ನು ನೋಡಿಟ್ಟಿದ್ದ. ಮರುದಿನ ಹಣ ಕೊಡುವುದಿತ್ತು. ‘ಒಂದು ಸಲ ಬಂದು ನೋಡುತ್ತೀರಾ?’ ಎಂದು ಕೇಳಿದ. ಹಿರಿಯರ ಜೊತೆ ನಾನೂ ಹೋದೆ.

ಅವರು ಎಂಜಿನ್ ಕಡೆ ತಿರುಗಿಯೂ ನೋಡಲಿಲ್ಲ. ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಆಯಸ್ಕಾಂತ ತೆಗೆದು ಬಾಗಿಲಿನ ಕೆಳಗಿನ ಉದ್ದನೆಯ ಪಟ್ಟಿಯ ಮೇಲೆ ಮೆಲ್ಲಗೆ ಎಳೆದರು. ಇದಕ್ಕೆ ಸಿಲ್ ಎನ್ನುತ್ತಾರೆ. ಮುಂದೆ ಅಂಟಿದ ಆಯಸ್ಕಾಂತ ಹಿಂದೆ ಹೋದಂತೆ ಜಾರಿ ಬಿತ್ತು. ಬಣ್ಣದ ಕೆಳಗೆ ಉಕ್ಕಿರಲಿಲ್ಲ, ಪುಟ್ಟಿ ಇತ್ತು. ಆಮೇಲೆ ಮಾಲೀಕನ ಅನುಮತಿ ಕೇಳಿ, ಬಾಗಿಲು ಹಾಕಿಟ್ಟು, ಕಾರಿಗೆ ಜಾಕಿ ಕೊಟ್ಟರು. ಚಕ್ರ ಮೇಲೇಳುತ್ತಿದ್ದಂತೆ ಬಾಗಿಲಿನ ಹಿಂದಿನ ಸಂದು ಮೇಲುಗಡೆ ಕಿರಿದಾಗುತ್ತ ಬಂತು. ‘ಈಗ ಬಾಗಿಲು ತೆಗೆ’ ಎಂದರು. ಹುಡುಗ ಎಳೆದ, ಬರಲಿಲ್ಲ.

ಕಾರಣ ವಿದ್ಯಾರ್ಥಿಗಳಿಗೆ ತಿಳಿಯಬೇಕಾದದ್ದು. ಎಂಜಿಬಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ. ಮೈಯೇ ಅದರ ಅಸ್ಥಿಪಂಜರ. ಮುಚ್ಚಿದ ಕಾರಿನಲ್ಲಿ ಚಾವಣಿಯೂ ಭಾರಕ್ಕೆ ಹೆಗಲು ಕೊಡುತ್ತದೆ. ತೆರೆದ ಕಾರಿಗೆ ಆ ಭಾಗ್ಯವಿಲ್ಲ. ಮುಂಭಾಗವನ್ನೂ ಹಿಂಭಾಗವನ್ನೂ ಮುಖ್ಯವಾಗಿ ಹಿಡಿದಿಡುವುದು ಆ ಸಿಲ್‌ಗಳೇ. ನೀರು, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು, ಎರಡೂ ಸೇರಿ ಅದನ್ನು ಒಳಗಿನಿಂದ ತಿನ್ನುತ್ತವೆ. ಹೊರಗೆ ಬಣ್ಣ ಹೊಳೆಯುತ್ತಿರುತ್ತದೆ. ಅಂಥ ಕಾರು ಪಕ್ಕದಿಂದ ಪೆಟ್ಟು ತಿಂದರೆ ಒಳಗೆ ಕೂತವರ ಗತಿಯೇನು?

ಹುಡುಗನಿಗೆ ಕೋಪ ಬಂತು, ಕಾರಿನ ಮೇಲಲ್ಲ, ನಮ್ಮ ಮೇಲೆ. ಎರಡು ತಿಂಗಳು ಸಭೆಯ ಕಡೆ ತಲೆ ಹಾಕಲಿಲ್ಲ. ಮೂರನೆಯ ತಿಂಗಳು ಬಣ್ಣ ಮಾಸಿದ, ಆದರೆ ಸಿಲ್ ಗಟ್ಟಿಯಿದ್ದ ಕಾರಿನಲ್ಲಿ ಬಂದಿಳಿದ. ಕಿಸೆಯಲ್ಲಿ ಒಂದು ಆಯಸ್ಕಾಂತವಿತ್ತು. ಕೇಳುವವನಿಗೆ ಹಿತವಾಗಲಿ ಎಂದು ಹೇಳುವುದು ಸಲಹೆಯಲ್ಲ. ಅವನೇ ತನ್ನ ಕಣ್ಣಿಂದ ನೋಡುವಂತೆ ಮಾಡಿದರೆ ಅದು ಸಲಹೆ.

ಇನ್ನೊಂದು ಪ್ರಸಂಗ ನನ್ನದೇ ಕಾರಿನದು. ಒಂದು ಜೂನ್ ತಿಂಗಳ ಬಿಸಿಲಲ್ಲಿ ಹತ್ತು ಹನ್ನೆರಡು ಮೈಲಿ ಓಡಿ ತಟಕ್ಕನೆ ನಿಂತಿತು. ಇಪ್ಪತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಮತ್ತೆ ನಿಂತಿತು. ಸಭೆಯಲ್ಲಿ ಹೇಳಿದೆ. ಪೆಟ್ರೋಲು ಬಿಸಿಯಾಗಿ ಆವಿ ಕಟ್ಟಿದೆ ಎಂದರು ಒಬ್ಬರು. ಪಂಪು ಹೋಗಿದೆ ಎಂದರು ಇನ್ನೊಬ್ಬರು. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ ಕಟ್ಟಿದೆ, ಕಾರ್ಬೊರೇಟರ್ ಬಿಚ್ಚಿ ತೊಳೆ, ಕಾಯಿಲ್ ಬದಲಿಸು - ಒಬ್ಬೊಬ್ಬರದೂ ಒಂದೊಂದು. ಎಲ್ಲವೂ ಆಗಬಹುದಾದದ್ದೇ. ಹಿರಿಯರು ಮಾತ್ರ ಉತ್ತರ ಕೊಡದೆ ಪ್ರಶ್ನೆ ಕೇಳಿದರು: ‘ನಿಂತ ಕ್ಷಣದಲ್ಲಿ ಕಿಡಿ ಇತ್ತೇ?’

ಅದನ್ನು ತಿಳಿಯಲು ಕಾರು ಮತ್ತೊಮ್ಮೆ ನಿಲ್ಲಲೇಬೇಕಿತ್ತು. ಮುಂದಿನ ಶನಿವಾರ ನಿಂತಿತು. ಮಗಳು ಜೊತೆಯಲ್ಲಿದ್ದಳು. ಒಂದು ಬಿಡಿ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು, ಸೆಲ್ಫ್ ಹೊಡೆಯಲು ಅವಳಿಗೆ ಹೇಳಿದೆ. (ಇದು ಸಾವಿರಾರು ವೋಲ್ಟಿನ ವ್ಯವಹಾರ, ಮಕ್ಕಳು ತಾವೇ ಮಾಡಬಾರದು.) ನೀಲಿಯಾಗಿ ಚಟ್ ಎನ್ನಬೇಕಾದ ಕಿಡಿ, ಆರಿಹೋಗುವ ಬೀಡಿಯ ತುದಿಯಂತೆ ಮಂಕಾಗಿತ್ತು. ಅಲ್ಲಿಗೆ ಪೆಟ್ರೋಲಿನ ಕಡೆಯ ಗುಮಾನಿಗಳೆಲ್ಲ ಒಂದೇ ಏಟಿಗೆ ಬಿದ್ದುಹೋದವು.

ತಪ್ಪಿತಸ್ಥ ಸಿಕ್ಕಿದ್ದು ಡಿಸ್ಟ್ರಿಬ್ಯೂಟರಿನ ಒಳಗೆ: ಕಿರುಬೆರಳಿನ ತುದಿಯಷ್ಟಿರುವ ಕಂಡೆನ್ಸರ್, ಅಂಗಡಿಯಿಂದ ತಂದು ಹಾಕಿದ್ದ ಹೊಸದು. ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ ಎಂಬ ಪುಟ್ಟ ಸ್ವಿಚ್ ಇದೆ. ಅದು ತೆರೆದುಕೊಂಡಾಗ ಕಾಯಿಲಿನ ಮೊದಲ ಸುರುಳಿಯ ವಿದ್ಯುತ್ತು ನಿಂತು, ಅದರ ಕಾಂತಕ್ಷೇತ್ರ ಕುಸಿಯುತ್ತದೆ. ಕುಸಿತ ಎಷ್ಟು ಚುರುಕೋ ಎರಡನೆಯ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್ ಅಷ್ಟು ಹೆಚ್ಚು. ಫ್ಯಾರಡೆಯ ನಿಯಮವೆಂದು ನೀವು ಓದುವುದು ಇದನ್ನೇ. ಪಾಯಿಂಟಿನ ಬಾಯಲ್ಲಿ ವಿದ್ಯುತ್ತು ಕಿಡಿಯಾಗಿ ಹಾರಿ ಕುಸಿತ ನಿಧಾನವಾಗದಂತೆ ತಡೆಯುವುದೇ ಕಂಡೆನ್ಸರಿನ ಕೆಲಸ. ನನ್ನದು ತಣ್ಣಗಿದ್ದಾಗ ದುಡಿಯುತ್ತಿತ್ತು, ಬಿಸಿಯಾದರೆ ಕೈಕೊಡುತ್ತಿತ್ತು. ಹಿರಿಯರು ತಮ್ಮ ಬಿಸ್ಕತ್ ಡಬ್ಬಿಯಿಂದ ಹಳೆಯದೊಂದನ್ನು ಹುಡುಕಿ ಕೊಟ್ಟರು. ಇವತ್ತಿಗೂ ಅದೇ ಓಡುತ್ತಿದೆ. ಕಾರ್ಬೊರೇಟರಿನ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ಕರೆಂಟಿನವು ಎಂದು ಇಲ್ಲಿಯ ಹಳಬರು ತಮಾಷೆ ಮಾಡುವುದು ಸುಮ್ಮನೆ ಅಲ್ಲ.

ಇಂಥ ಪಾಠ ಒಬ್ಬಿಬ್ಬರದಲ್ಲ, ಇಡೀ ಸಂಘದ್ದೂ ಹೌದು. 1999ರ ಕೊನೆಗೆ ಬ್ರಿಟನ್ನಿನಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಿತು. ಭಾರತದಲ್ಲಿ ಅದು 2000ದ ಫೆಬ್ರುವರಿಯಲ್ಲಿ ನಿಂತಿತು. ಸೀಸ ವಿಷ, ಹೋದದ್ದೇ ಒಳ್ಳೆಯದು. ಆದರೆ ಹಳೆಯ ಎಂಜಿನ್ನಿನಲ್ಲಿ ಹೊಗೆ ಹೊರಬಿಡುವ ವಾಲ್ವ್ ಕೂರುವ ಜಾಗ ಸವೆಯದಂತೆ ಅದು ಮೆತ್ತೆಯಾಗಿಯೂ ಇತ್ತು. ಕಾರುಗಳ ಕಾಲ ಮುಗಿಯಿತೆಂದು ಕೆಲವರು ಗಾಬರಿಯಾದರು. ಪವಾಡದ ಗುಳಿಗೆ ಮಾರುವವರೂ ಬಂದರು. ವಿವೇಕಿಗಳು ಏನು ಮಾಡಿದರು ಗೊತ್ತೇ? ವಾಲ್ವಿನ ಸಂದನ್ನು ಆಗಾಗ ಅಳೆದು ಪುಸ್ತಕದಲ್ಲಿ ಬರೆದಿಟ್ಟರು. ಸಂದು ಕಿರಿದಾಗುತ್ತ ಹೋದರೆ ಸವೆತ ಶುರುವಾಗಿದೆ ಎಂದರ್ಥ. ಆಗ ಗಟ್ಟಿ ಲೋಹದ ಬಳೆ ಕೂರಿಸಿದರಾಯಿತು. 2021ರ ಸೆಪ್ಟೆಂಬರಿನಿಂದ ಇಲ್ಲಿಯ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡ 10ರವರೆಗೆ ಎಥೆನಾಲ್ ಇದೆ. ಅದು ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ. ಆಗಲೂ ಅದೇ ದಾರಿ: ಪೈಪು ಬದಲಿಸು, ದಿನಾಂಕ ಬರೆದಿಡು, ಮುಟ್ಟಿ ನೋಡುತ್ತಿರು. ಎಥೆನಾಲ್ ಬೆರೆತ ಪೆಟ್ರೋಲಿನ ಬಗ್ಗೆ ನಮ್ಮ ಊರಲ್ಲೂ ಬಿಸಿಬಿಸಿ ಮಾತು ನಡೆಯುತ್ತಿರುವಾಗ, ತಮ್ಮ ಗಾಡಿಯ ಲೆಕ್ಕ ಬರೆದಿಟ್ಟವನ ಮಾತಿಗೆ ಹೆಚ್ಚು ಬೆಲೆ ಕೊಡಬೇಕು ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಸಭೆಯಲ್ಲಿ ಈಗ ಬಿಳಿ ತಲೆಗಳೇ ಹೆಚ್ಚು. ವರ್ಷಕ್ಕೆ ಒಬ್ಬಿಬ್ಬರು ಕಾಣೆಯಾಗುತ್ತಾರೆ. ಆಮೇಲೆ ಅವರ ಮಕ್ಕಳು ಫೋನ್ ಮಾಡಿ, ‘ಅಪ್ಪನ ಸಾಮಾನು ಯಾರಿಗಾದರೂ ಬೇಕೆ?’ ಎಂದು ಕೇಳುತ್ತಾರೆ. ಸಾಮಾನು ಸಿಗುತ್ತದೆ. ಕೈಯೊಳಗೆ ಇದ್ದ ತಿಳಿವಳಿಕೆ ಕೈಯೊಂದಿಗೇ ಹೋಗಿಬಿಡುತ್ತದೆ.

ಎಂಜಿಬಿಗೆ ಎಸ್‌ಯು ಎಂಬ ಹೆಸರಿನ ಎರಡು ಕಾರ್ಬೊರೇಟರುಗಳು. ಎರಡೂ ಸಮನಾಗಿ ಉಸಿರಾಡಬೇಕು. ಇಲ್ಲದಿದ್ದರೆ ಒಂದು ಎತ್ತು ಎಳೆದು ಇನ್ನೊಂದು ಸೋಮಾರಿಯಾದ ಗಾಡಿಯಂತಾಗುತ್ತದೆ. ಹಳಬರು ಇದನ್ನು ಸರಿಮಾಡುವುದು ಒಂದು ಗೇಣುದ್ದದ ರಬ್ಬರ್ ಟ್ಯೂಬಿನಿಂದ. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರಿನ ಬಾಯಿಗೆ. ಗಾಳಿಯ ‘ಹಿಸ್’ ಸದ್ದು ಎರಡರಲ್ಲೂ ಒಂದೇ ಆಗುವ ತನಕ ಸ್ಕ್ರೂ ತಿರುಗಿಸುತ್ತಾರೆ. ಕಳೆದ ಬೇಸಿಗೆಯಲ್ಲಿ ಹಿರಿಯರು ನನ್ನ ಕಾರಿನ ಮುಂದೆ ಟ್ಯೂಬ್ ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಮೆಲ್ಲಗೆ, ‘ನನಗೆ ವ್ಯತ್ಯಾಸ ಕೇಳಿಸುತ್ತಿಲ್ಲ. ಮಗಳನ್ನು ಕರೆ’ ಎಂದರು. ವಯಸ್ಸಾದಂತೆ ಮೊದಲು ಮಾಯವಾಗುವುದು ಇಂಥ ಕೀಚಲು ಸ್ವರಗಳೇ.

ಅವಳಿಗೆ ಹದಿನೈದು. ಟ್ಯೂಬ್ ಕಿವಿಗಿಟ್ಟು, ‘ಮುಂದಿನದು ಜೋರಾಗಿದೆ’ ಎಂದಳು. ಸ್ಕ್ರೂ ಯಾವುದು, ಎಷ್ಟು ತಿರುಗಿಸಬೇಕು ಎಂದು ಅವರು ತೋರಿಸಿದರು. ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಕೇಳಿದಳು, ಮತ್ತೆ ತಿರುಗಿಸಿದಳು. ಎಂಜಿನ್ನಿನ ನಡುಕ ನಿಂತು ಸದ್ದು ಸಮವಾಯಿತು. ಸರಿಯಾಗಿದೆ ಎಂದು ಅವರು ಹೇಳಲಿಲ್ಲ. ‘ಸರಿಯಾಗಿದೆ ಎಂದು ನಿನಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿದರು. ಅವಳು ವಿವರಿಸಿದಳು. ಅವರು ತಲೆದೂಗಿ ಟ್ಯೂಬನ್ನು ಅವಳ ಕೈಯಲ್ಲೇ ಬಿಟ್ಟು ಚಹಾ ಕುಡಿಯಲು ಹೊರಟರು.

ತಂದೆ ತಾಯಂದಿರಿಗೆ ನನ್ನ ಅರಿಕೆ ಇಷ್ಟೇ. ನಿಮ್ಮ ಬೀದಿಯಲ್ಲೂ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವವರು, ಗಡಿಯಾರ ಬಿಚ್ಚುವವರು, ಕಿವಿಯಿಂದಲೇ ಸ್ಕೂಟರಿನ ಕಾಯಿಲೆ ಹೇಳುವವರು ಇದ್ದಾರೆ. ಮಗನೋ ಮಗಳೋ ಅವರ ಅಂಗಡಿಯ ಮುಂದೆ ನಿಂತರೆ, ಅಂಕ ಹಾಳಾಗುತ್ತದೆಂದು ಗದರಬೇಡಿ. ರಜೆಯಲ್ಲಿ ಒಂದು ವಾರ ಅಲ್ಲಿ ಕೂರಲು ಬಿಡಿ. ವಿದ್ಯಾರ್ಥಿಗಳಿಗೆ ಹೇಳುವುದೂ ಇಷ್ಟೇ. ಏನಾದರೂ ಕೆಟ್ಟಾಗ ಏನನ್ನೂ ಬದಲಿಸುವ ಮೊದಲು ಪರೀಕ್ಷಿಸಿ ನೋಡಿ. ಬದಲಿಸಿದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ. ಯಾರು ಏನೇ ಹೇಳಿದರೂ, ಅದು ಮೇಷ್ಟರೇ ಆಗಲಿ, ಪುಸ್ತಕವೇ ಆಗಲಿ, ಮರ್ಯಾದೆಯಿಂದ ಕೇಳಿ: ‘ಇದು ನಿಮಗೆ ಹೇಗೆ ಗೊತ್ತಾಯಿತು?’ ತಿಳಿದವರು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಹತ್ತಿರ ಕರೆದು ತೋರಿಸುತ್ತಾರೆ.