ಮೋಟಾರ್ ಸೈಕಲ್ಲಿನ ಬ್ಯಾಟರಿ

ಯಂತ್ರವು ನಿಂತಾಗ ಅದನ್ನು ತಳ್ಳುವವರು ದೊರೆಯುತ್ತಾರೆ. ನಿಂತ ಕಾರಣವನ್ನು ಹುಡುಕುವವರು ವಿರಳ. ಹೆಣ್ಣುಮಕ್ಕಳೂ ಮೋಟಾರ್ ಸೈಕಲ್ಲು, ಸ್ಕೂಟರುಗಳನ್ನು ನಡೆಯಿಸುತ್ತಿರುವ ಈ ಕಾಲದಲ್ಲಿ ಅವುಗಳ ವಿದ್ಯುತ್ತಿನ ವಿಷಯವಾಗಿ ನಾಲ್ಕು ಮಾತು ಅರಿತಿರುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ. ಆದುದರಿಂದ ಶಾಲೆಯ ಕಿರಿಯ ಸೋದರಿಯರಿಗಾಗಿ ನಮ್ಮ ಅನುಭವವನ್ನು ಬರೆಯುತ್ತಿದ್ದೇವೆ.

ನಮ್ಮೂರು ಕುಮುದ್ವತಿಯ ಸೀಮೆಯ ಮಾಸೂರು. ಮದಗದ ಕೆರೆಯಿಂದ ಹೆಸರಾದುದು, ಸರ್ವಜ್ಞನ ತಂದೆಯ ಊರೆಂದು ಪ್ರತೀತಿಯುಳ್ಳದ್ದು. ನಾವು ಹೆಚ್ಚಿನ ಕೆಲಸಗಳಿಗೆಲ್ಲ ಹಿರೇಕೆರೂರಿಗಾಗಲಿ ಶಿಕಾರಿಪುರಕ್ಕಾಗಲಿ ಹೋಗುವವರು. ಬಸ್ಸಿನ ಹೊತ್ತು ಮೀರಿದರೆ ಮನೆಯ ಮೋಟಾರ್ ಸೈಕಲ್ಲೊಂದೇ ಗತಿ.

ಒಂದು ಮಳೆಗಾಲದ ರಾತ್ರಿ ಅಜ್ಜಿಗೆ ದಮ್ಮು ಹೆಚ್ಚಾಗಲು ಗಾಡಿಯನ್ನು ಹೊರತೆಗೆದೆವು. ಗುಂಡಿಯನ್ನೊತ್ತಿದರೆ ಟಕ್ ಟಕ್ ಎಂಬ ಸದ್ದು ಮಾತ್ರ. ದೀಪವು ಮಿಣುಕಿ ನಂದಿತು. ನೆರೆಯವರ ಜೀಪು ದೊರೆತುದರಿಂದ ಅಜ್ಜಿಯು ವೇಳೆಗೆ ದವಾಖಾನೆಯನ್ನು ಸೇರಿದಳು. ಮರುದಿನ ಗ್ಯಾರೇಜಿನವರೊಬ್ಬರು ಏನನ್ನೂ ಅಳೆಯದೆ, ಬ್ಯಾಟರಿ ಸತ್ತಿದೆಯೆಂದು ಹೇಳಿ ಹೊಸದನ್ನು ಕೂಡಿಸಿದರು. ಮೂರು ವಾರಗಳಲ್ಲಿ ಅದೂ ಬರಿದಾಯಿತು. ಆಗ ನಾವೇ ಒಂದು ಮಲ್ಟಿಮೀಟರನ್ನು ತಂದು ಪರೀಕ್ಷೆಗೆ ತೊಡಗಿದೆವು.

ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿರಿಸಿ ವಿದ್ಯುತ್ತನ್ನು ಕೂಡಿಡುವ ಉಪಾಯವನ್ನು ಫ್ರಾನ್ಸಿನ ಗಾಸ್ತೋ ಪ್ಲಾಂಟೆ ಎಂಬಾತನು 1859ರಲ್ಲಿ ಕಂಡುಹಿಡಿದನು. ಅಂಥ 6 ಕೋಶಗಳು ಸಾಲಾಗಿ ಸೇರಿ ನಮ್ಮ ಗಾಡಿಯ 12 ವೋಲ್ಟಿನ ಬ್ಯಾಟರಿಯಾಗಿದೆ. ಕೆಲವು ತಾಸು ಸುಮ್ಮನಿದ್ದ ತುಂಬಿದ ಬ್ಯಾಟರಿಯು 12.6 ವೋಲ್ಟಿಗಿಂತ ಕಡಿಮೆ ತೋರಿಸಬಾರದು. 12ಕ್ಕೆ ಇಳಿದರೆ ಬಹುಮಟ್ಟಿಗೆ ಬರಿದಾಗಿದೆಯೆಂದೇ ತಿಳಿಯತಕ್ಕದ್ದು. ಬರಿದಾಗಿಯೇ ಬಹುಕಾಲ ಬಿಟ್ಟರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಗೊಂಡು ಅದು ಕೆಟ್ಟುಹೋಗುವುದು.

ಎರಡನೆಯ ಅಳತೆಯು ಗುಂಡಿಯನ್ನೊತ್ತುವಾಗ. ತುಂಬಿದ ಬ್ಯಾಟರಿಯೂ ಆಗ 9.5 ವೋಲ್ಟಿಗಿಂತ ಕೆಳಗಿಳಿದರೆ ಅದು ದುರ್ಬಲವೆಂದು ಅರ್ಥ. ಮೂರನೆಯದು ಎಂಜಿನ್ನು ವೇಗವಾಗಿ ತಿರುಗುವಾಗ: ಸಾಮಾನ್ಯವಾಗಿ 13.5ರಿಂದ 14.5ರ ವರೆಗೆ ಏರಬೇಕು. ಏರದಿದ್ದರೆ ದೋಷವು ವಿದ್ಯುತ್ತನ್ನು ಹುಟ್ಟಿಸುವ ಸುರುಳಿಯಲ್ಲಿ, ರೆಗ್ಯುಲೇಟರಿನಲ್ಲಿ ಅಥವಾ ತಂತಿಗಳಲ್ಲಿದೆ. 15ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟು ಬ್ಯಾಟರಿಯನ್ನು ಬೇಯಿಸುತ್ತಿದೆಯೆಂದು ಸಂಶಯಪಡಬೇಕು.

ನಮ್ಮ ಗಾಡಿಯನ್ನು ತಳ್ಳಿ ನಡೆಯಿಸಿ ಅಳೆದಾಗ ಮುಳ್ಳು ಏರಲೇ ಇಲ್ಲ. ತಂತಿಯ ಜಾಡನ್ನು ಹಿಡಿದು ಹೋಗಲು, ಸುರುಳಿಯ ತಂತಿಗಳು ರೆಗ್ಯುಲೇಟರನ್ನು ಕೂಡುವ ಜೋಡಣೆಯು ಮಳೆನೀರಿನಿಂದ ಹಸುರುಗಟ್ಟಿ, ಒಂದು ಪಿನ್ನು ಸುಟ್ಟು ಕಪ್ಪಾಗಿತ್ತು. ಅದನ್ನು ಬದಲಿಸಿ, ಮಿಕ್ಕವನ್ನು ಉಜ್ಜಿ, ಬ್ಯಾಟರಿಯನ್ನು ಮರಳಿ ತುಂಬಿಸಿದ ಮೇಲೆ 14.1 ವೋಲ್ಟು ಕಂಡಿತು. ಬೆಳ್ಳಿಯಷ್ಟು ತುಟ್ಟಿಯೆನಿಸಿದ್ದ ಹೊಸ ಬ್ಯಾಟರಿಯ ಹಣಕ್ಕೆ ಪಿನ್ನಿನ ಬೆಲೆಯು ಯಾವ ಲೆಕ್ಕ!

ಇನ್ನು ಕೆಲವು ಸೂಚನೆಗಳು. ಏನೂ ಬೆಳಗದಿದ್ದರೆ ಮೊದಲು ಫ್ಯೂಜನ್ನೂ, ಬ್ಯಾಟರಿಯ ತುದಿಗಳ ಬಿಗಿತವನ್ನೂ, ಚೌಕಟ್ಟಿಗೆ ಕೂಡಿದ ಅರ್ಥಿಂಗ್ ತಂತಿಯನ್ನೂ ನೋಡಿರಿ. ಸುಟ್ಟ ಫ್ಯೂಜಿನ ಬದಲು ಬರಿಯ ತಂತಿಯನ್ನು ಸುತ್ತಬೇಡಿರಿ, ಬೆಂಕಿಯ ಭಯವುಂಟು. ನಿಂತಲ್ಲಿಯೇ ಬ್ಯಾಟರಿ ಬರಿದಾಗುತ್ತಿದ್ದರೆ, ಹೆಚ್ಚಿಗೆ ಹಾಕಿಸಿದ ಹಾರ್ನು, ದೀಪಗಳ ತಂತಿಗಳನ್ನು ಶಂಕಿಸಿರಿ. 2017ರ ಏಪ್ರಿಲಿನಿಂದ ತಯಾರಾದ ಗಾಡಿಗಳಲ್ಲಿ ಮುಂದಿನ ದೀಪವು ಹಗಲೂ ಉರಿಯುವುದರಿಂದ, ಊರೊಳಗಿನ ಸಣ್ಣ ಓಡಾಟವೇ ಹೆಚ್ಚಾದರೆ ಬ್ಯಾಟರಿಯು ತುಂಬಲು ಅವಕಾಶ ಸಾಲದೆ ಹೋಗಬಹುದು.

ಬಿಚ್ಚುವಾಗ ಋಣಧ್ರುವದ ತಂತಿಯನ್ನು ಮೊದಲು, ಕೂಡಿಸುವಾಗ ಅದನ್ನು ಕಡೆಗೆ. ಇದರಿಂದ ಪಾನಾ ತಗಲಿ ಕಿಡಿ ಹಾರದು. ಮುಚ್ಚಳಗಳಿರುವ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನಲ್ಲದೆ ಬೇರೆಯದನ್ನು ಹೊಯ್ಯಬಾರದು. ಸಮೀಪದಲ್ಲಿ ಬೆಂಕಿಯು ಕೂಡದು. ಆಮ್ಲವು ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯತಕ್ಕದ್ದು.

ಇದಕ್ಕೆ ದೊಡ್ಡ ಪಾಂಡಿತ್ಯವು ಬೇಡ. ಕ್ರಮವೂ ತಾಳ್ಮೆಯೂ ಸಾಕು. ಕೊಳ್ಳುವುದಕ್ಕಿಂತ ಮುಂಚೆ ಅಳೆಯುವ ಅಭ್ಯಾಸವು ಹುಡುಗಿಯರಲ್ಲಿ ಬೆಳೆದರೆ ಮನೆಯ ಹಣವು ಉಳಿಯುವುದು. ಹೊತ್ತು ಮುಳುಗಿದ ಮೇಲೆ ದಾರಿಯಲ್ಲಿ ಪರರ ಮುಖವನ್ನು ನೋಡುವ ಪ್ರಸಂಗವೂ ಕಡಿಮೆಯಾಗುವುದು.